ನಿಮ್ಮ ದುಡ್ಡು ಬೇಡ

ಕಳೆದ ಭಾನುವಾರದಿಂದ ಒಂದು ಐವತ್ತರ ನೋಟು ನನ್ನ ಜೇಬಿನಲ್ಲೇ ಇದೆ. ಖರ್ಚು ಮಾಡಲು ಮನಸ್ಸು ಬರುತ್ತಿಲ್ಲ. "ಇದು ಕುಡುಕರ ಚೀಲ ಸ್ವಾಮಿ, ನಿಮ್ಮ ದುಡ್ಡು ಬೇಡ" ಎಂದು ಒಬ್ಬರು ವಾಪಸು ಕೊಟ್ಟ ನೋಟು ಅದು.

ಭಾವನನ್ನು ಕರೆದುಕೊಂಡು ತುಮಕೂರಿನಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಬೇಕೆನ್ನುವವರು ಸೇರುವ ಸಭೆಗೆ ಹೋಗಿದ್ದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸ್ ಚೀಟಿಯಲ್ಲಿ ಒಂದು ನಂಬರು ಬರೆದುಕೊಟ್ಟಿದ್ದರು. ಫೋನ್ ಎತ್ತಿದವರು ಹೆಸರು ಕೇಳಲಿಲ್ಲ, "ಇವತ್ತು ಕುಡಿದಿದ್ದಾರಾ?" ಎಂದಷ್ಟೇ ಕೇಳಿ ಒಂದು ಶಾಲೆಯ ಗುರುತು ಹೇಳಿದರು. ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದ ಮೇಲೆ ಆ ಗುರುತೂ ತಪ್ಪಿತು. ಬಾರ್‌ಗೆ ಹೋಗಲು ಈ ಊರಿನಲ್ಲಿ ಯಾರೂ ದಾರಿ ಕೇಳಬೇಕಾಗಿಲ್ಲ. ಕುಡಿತ ಬಿಡುವ ಜಾಗಕ್ಕೆ ನಾವು ಮೂರು ಸುತ್ತು ಹೊಡೆದೆವು. ಟೀ ಅಂಗಡಿಯವನ ಹತ್ತಿರ "ಇಲ್ಲಿ ಏನೋ ಒಂದು ಸಭೆ..." ಎಂದು ಅರ್ಧ ಮಾತನ್ನು ನುಂಗಿದೆ. ಅವನು ಲೋಟ ತೊಳೆಯುತ್ತಲೇ "ಹಿಂದಿನ ಗೇಟು, ಲೈಟು ಉರಿಯುತ್ತಿರುವ ಕೋಣೆ" ಎಂದ. ಭಾವನ ಮುಖ ನೋಡಿ ಹೇಳಿದನೋ, ನನ್ನ ಮುಖ ನೋಡಿ ಹೇಳಿದನೋ, ಇನ್ನೂ ಕೊರೆಯುತ್ತಿದೆ.

2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಕ್ಕ ಗೊರವನಹಳ್ಳಿಗೆ ಹೋಗಿ ಹರಕೆ ತೀರಿಸಿ ಬಂದಿದ್ದಳು. ಭಾವ ಸಾರಾಯಿಯನ್ನು ಬಿಟ್ಟಿದ್ದು ನಿಜ, ವಿಸ್ಕಿ ಹಿಡಿದರು. ಈ ವರ್ಷ ಯುಗಾದಿ ಆದ ಮೇಲೆ ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರು. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ಬರಿಗೈಯಲ್ಲಿ ಒರೆಸತೊಡಗಿದರು. ಗೋಡೆಯ ಮೇಲೆ ಏನೂ ಇರಲಿಲ್ಲ. ಗಾಳಿ ಸೋಕಿದೆ ಎಂದು ಮನೆಯವರು ತಾಯತ ಕಟ್ಟಿಸಿದ್ದೂ ಆಯಿತು. ವೈದ್ಯರು ನಮ್ಮನ್ನೇ ಬೈದರು: ದಿನವೂ ಕುಡಿಯುವವರು ಹೀಗೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ, ಮೊದಲು ಔಷಧಿ, ಆಮೇಲೆ ಉಳಿದದ್ದು.

ಆ ಉಳಿದದ್ದು ಮೂರನೇ ತರಗತಿಯ ಕೋಣೆಯಲ್ಲಿ ನಡೆಯುತ್ತಿತ್ತು. ಬೆಂಚುಗಳು ಎಷ್ಟು ಗಿಡ್ಡವೆಂದರೆ ಮೊಣಕಾಲು ಎದೆಗೆ ತಾಗುತ್ತಿತ್ತು. ಕಪ್ಪು ಹಲಗೆಯ ಮೇಲೆ ಶನಿವಾರದ ಕಳೆಯುವ ಲೆಕ್ಕ ಹಾಗೆಯೇ ಇತ್ತು, ಯಾರೂ ಅಳಿಸಿರಲಿಲ್ಲ. ಹತ್ತು ಹನ್ನೆರಡು ಜನ. ಮನೆಯವರೂ ಕೂರಬಹುದಾದ ತೆರೆದ ಸಭೆ ಅದು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು ಎಂಬುದಕ್ಕೆ ಒಪ್ಪಿ ಕುಳಿತವನು ನಾನು, ಆದ್ದರಿಂದ ಯಾರ ಕತೆಯನ್ನೂ ಬರೆಯುವುದಿಲ್ಲ. ಒಬ್ಬರು ಬಹಳ ಉದ್ದ ಮಾತನಾಡಿದರು ಎಂದಷ್ಟೇ ಹೇಳಿದರೆ ತಪ್ಪಾಗಲಾರದು. ಉಪನ್ಯಾಸ ಇರುತ್ತದೆ, ಭಾವನಿಗೆ ನಾಲ್ಕು ಬುದ್ಧಿಮಾತು ಬೀಳುತ್ತದೆ ಎಂದು ಆಸೆಪಟ್ಟಿದ್ದೆ. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇದನ್ನು ಶುರು ಮಾಡಿದ ಇಬ್ಬರೂ ಕುಡುಕರೇ. ಒಬ್ಬರು ಷೇರುಪೇಟೆಯವರು, ಇನ್ನೊಬ್ಬರು ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು. ವೈದ್ಯರಿಗೇ ವೈದ್ಯರ ಮಾತು ನಾಟಿರಲಿಲ್ಲ, ಇನ್ನೊಬ್ಬ ಕುಡುಕನ ಮಾತು ನಾಟಿತು. ನನ್ನಂಥವನು ಇಷ್ಟು ವರ್ಷ ಕೂಗಾಡಿದ್ದು ಎಲ್ಲಿಗೆ ಹೋಯಿತು ಎಂದು ಆಗ ಹೊಳೆಯಿತು.

ಕೊನೆಗೆ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಬಂತು. ಭಾವ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಹತ್ತರ ನೋಟು ತೆಗೆದು ಹಾಕಿದರು. ಹೊರಡುವಾಗ ಜೇಬುಗಳನ್ನೆಲ್ಲ ನಾನೇ ನೋಡಿದ್ದೆ, ಇದು ಎಲ್ಲಿಂದ ಬಂತು? ಅದೇ ಯೋಚನೆಯಲ್ಲಿ ನನ್ನ ಐವತ್ತನ್ನು ಹಾಕಿದೆ. ಪಕ್ಕದವರು ಚೀಲಕ್ಕೆ ಕೈ ಹಾಕಿ ಅದನ್ನೇ ಹೆಕ್ಕಿದರು.

"ನೀವು ಕುಡಿಯುತ್ತೀರಾ?"

"ಇಲ್ಲ ಇಲ್ಲ."

"ಇದು ಕುಡುಕರ ಚೀಲ ಸ್ವಾಮಿ, ನಿಮ್ಮ ದುಡ್ಡು ಬೇಡ."

ಹೊರಗಿನವರ ಹಣ ತೆಗೆದುಕೊಳ್ಳುವುದು ಅವರಲ್ಲಿ ಇಲ್ಲವಂತೆ, ಎಷ್ಟೇ ದೊಡ್ಡವರು ಕೊಟ್ಟರೂ. ಅವರು ನಗುತ್ತಲೇ ಹೇಳಿದರು, ನನಗೆ ಮಾತ್ರ ಕಿವಿ ಬಿಸಿಯಾಯಿತು. ಆ "ಇಲ್ಲ ಇಲ್ಲ"ವನ್ನು ಎರಡು ಸಲ ಯಾಕೆ ಹೇಳಿದೆನೋ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಸುವ ನಾಡು ನಮ್ಮದು, ಬೆಳಕು ಅರ್ಧ ಹೆಸರಿಗೇ ಹೋಗುತ್ತದೆ. ಭಾವನ ಸಂಸಾರದ ಮೇಲೆ ನಾನೂ ಹಾಗೆಯೇ ಬರೆಸಿಕೊಂಡಿದ್ದೇನೆ. ಗಿರವಿ ಬಿಡಿಸಿದ ಬಳೆ, ಮಗಳ ಕಾಲೇಜು ಫೀಸು, ಈ ಆಸ್ಪತ್ರೆಯ ಬಿಲ್ಲು, ಒಂದೊಂದನ್ನೂ ಹಬ್ಬದೂಟದ ಮುಂದೆ ಯಾವುದೋ ನೆಪದಲ್ಲಿ ಎತ್ತಿ ಆಡಿದ್ದೇನೆ. ಅವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಅದು ಕುಡುಕನ ಭಂಡತನ ಎಂದುಕೊಂಡಿದ್ದೆ. ಆ ಗಿಡ್ಡ ಬೆಂಚಿನ ಮೇಲೆ ಮೊದಲ ಸಲ ಅವರ ಹತ್ತು ರೂಪಾಯಿ ನಡೆಯಿತು, ನನ್ನ ಐವತ್ತು ನಡೆಯಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಬರುವ ಭಾನುವಾರದ್ದು ಮುಚ್ಚಿದ ಸಭೆ, ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ನಾನು ಗೇಟಿನ ತನಕ ಅಷ್ಟೇ. ನಿನ್ನೆ ರಾತ್ರಿ ಅಕ್ಕನ ಫೋನ್ ಬಂತು. ಧ್ವನಿ ತಗ್ಗಿಸಿ ಮಾತನಾಡುತ್ತಿದ್ದಳು, ಅವರು ಪಕ್ಕದ ಕೋಣೆಯಲ್ಲಿ ಇದ್ದಿರಬೇಕು. ಎಷ್ಟೋ ವರ್ಷಗಳಿಂದ ಅವರ ಕೈಗೆ ಒಂದು ಕಾಸು ಕೊಟ್ಟವಳಲ್ಲ.

"ಭಾನುವಾರಕ್ಕೆ ಹತ್ತು ರೂಪಾಯಿ ಬೇಕಂತೆ ಕಣೋ. ಕೊಡಲೇನೋ?"