ಪಲ್ಲಾಡಿಯಂ ಕೈತಪ್ಪುವುದು ಆಮ್ಲಕ್ಕೆ ಇಳಿಸುವ ಮೊದಲೇ

ಬೀದರ್ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳ ಕಚ್ಚಾವಸ್ತು ತಯಾರಿಸುವ ಘಟಕಗಳಿವೆ. ಅಲ್ಲಿ ಹೈಡ್ರೋಜನೀಕರಣ, ಅಂದರೆ ವಸ್ತುವಿಗೆ ಹೈಡ್ರೋಜನ್ ಸೇರಿಸುವ ಕ್ರಿಯೆ, ಮುಗಿದ ಮೇಲೆ ಫಿಲ್ಟರ್‌ನಲ್ಲಿ ಉಳಿಯುವ ಕಪ್ಪು ಮುದ್ದೆಯಿಂದ (ಕೇಕ್) ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹವನ್ನು ತೆಗೆಯುವುದು ನನ್ನ ಕೆಲಸ. ಇಂಗಾಲದ ಪುಡಿಯ ಮೇಲೆ ಸಾಮಾನ್ಯವಾಗಿ ಶೇ. 5 ಅಥವಾ 10ರಷ್ಟು ಪಲ್ಲಾಡಿಯಂ ಇರುವ ವೇಗವರ್ಧಕವದು. ಹೊಸಬರ ಗಮನವೆಲ್ಲ ಲೋಹ ಕರಗಿಸುವ ಆಮ್ಲ ಮಿಶ್ರಣವಾದ ಅಕ್ವಾ ರೀಜಿಯಾದ ಮೇಲಿರುತ್ತದೆ. ಆದರೆ ನಾನು ಕಂಡಂತೆ ಹೆಚ್ಚಿನ ನಷ್ಟ ಅದಕ್ಕೂ ಮೊದಲೇ ಆಗಿರುತ್ತದೆ.

ಬಳಸಿದ ಕೇಕ್‌ನಲ್ಲಿ ಹೈಡ್ರೋಜನ್ ಮತ್ತು ದ್ರಾವಕ ಉಳಿದಿರುವುದರಿಂದ, ಒಣಗಿದರೆ ಅದು ಗಾಳಿ ತಾಕಿದೊಡನೆ ತಾನಾಗಿ ಹೊತ್ತಿಕೊಳ್ಳಬಹುದು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮುಚ್ಚಳ ಸಡಿಲವಾದ ಡ್ರಮ್ಮು ಬೇಗ ಒಣಗುತ್ತದೆ. ಆದ್ದರಿಂದ ನೀರಿನಲ್ಲಿ ನೆನೆದಿರುವ ಕೇಕನ್ನಷ್ಟೇ ಒಳಗೆ ತೆಗೆದುಕೊಳ್ಳಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಇಂಗಾಲವನ್ನು ಸುಡುವಾಗಲೂ ತೆಳುವಾಗಿ ಹರಡಿ, ಗಾಳಿಯ ಎಳೆತ ಕಡಿಮೆ ಇಟ್ಟು, ನಿಧಾನವಾಗಿ ಸುಡಬೇಕು. ಅವಸರ ಮಾಡಿದರೆ ಲೋಹ ಹೊತ್ತ ನುಣ್ಣನೆಯ ಬೂದಿ ಚಿಮಣಿಯ ಪಾಲಾಗುತ್ತದೆ.

ಬಹಳ ಮಂದಿ ಬಿಟ್ಟುಬಿಡುವ ಹಂತ ಇದರ ನಂತರದ್ದು. ಗಾಳಿಯಲ್ಲಿ ಕಾದ ಪಲ್ಲಾಡಿಯಂ ಆಕ್ಸೈಡ್ ಆಗುತ್ತದೆ, ಆ ಆಕ್ಸೈಡ್ ಅಕ್ವಾ ರೀಜಿಯಾದಲ್ಲಿ ಸರಿಯಾಗಿ ಕರಗುವುದಿಲ್ಲ. ಎಷ್ಟು ಆಮ್ಲ ಸುರಿದರೂ ಲೋಹ ಬೂದಿಯಲ್ಲೇ ಉಳಿದು, ಕರಗದ ಕಸವೆಂದು ಹೊರಗೆ ಹೋಗುತ್ತದೆ. ಅದಕ್ಕಾಗಿ ಬೂದಿಯನ್ನು ಮೊದಲು ಫಾರ್ಮಿಕ್ ಆಮ್ಲದೊಂದಿಗೆ ಬಿಸಿ ಮಾಡಿ, ಆಕ್ಸೈಡನ್ನು ಮತ್ತೆ ಲೋಹವಾಗಿಸಿ, ಚೆನ್ನಾಗಿ ತೊಳೆದ ಮೇಲಷ್ಟೇ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣವಾದ ಅಕ್ವಾ ರೀಜಿಯಾಕ್ಕೆ ಹಾಕಬೇಕು. ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಹೊಗೆಯನ್ನು ತೊಳೆದು ಶುದ್ಧಗೊಳಿಸುವ ಸ್ಕ್ರಬ್ಬರ್ ಓಡದಿದ್ದರೆ ಆ ದಿನ ಕರಗಿಸುವ ಕೆಲಸವಿಲ್ಲ. ಇದರಲ್ಲಿ ಉತ್ಪಾದನಾ ವಿಭಾಗದ ಒತ್ತಡಕ್ಕೆ ಮಣಿಯಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಉಳಿದದ್ದು ಗೊತ್ತಿರುವ ದಾರಿ: ಹೈಡ್ರೋಕ್ಲೋರಿಕ್ ಸೇರಿಸುತ್ತ ಕಾಯಿಸಿ ನೈಟ್ರಿಕ್ ಓಡಿಸುವುದು, ಅಮೋನಿಯಾ ಹಾಕಿ ಕಬ್ಬಿಣದಂಥವನ್ನು ತಳಕ್ಕೆ ಇಳಿಸಿ ಸೋಸುವುದು, ಮತ್ತೆ ಆಮ್ಲದಿಂದ ಪಲ್ಲಾಡಿಯಂನ ಹಳದಿ ಲವಣವನ್ನು ಬೇರ್ಪಡಿಸಿ ಕಪ್ಪು ಲೋಹದ ಪುಡಿಯಾಗಿಸುವುದು.

ಪ್ರತಿ ಹಂತದ ಉಳಿಕೆ ದ್ರವವನ್ನು ಡೈಮೀಥೈಲ್‌ಗ್ಲೈಆಕ್ಸೈಮ್ ಎಂಬ ಪರೀಕ್ಷಾ ರಾಸಾಯನಿಕದಿಂದ ಪರೀಕ್ಷಿಸದೆ ತ್ಯಾಜ್ಯದ ಟ್ಯಾಂಕಿಗೆ ಬಿಡುವುದಿಲ್ಲ. ಆಮ್ಲೀಯ ದ್ರಾವಣದಲ್ಲಿ ಹಳದಿ ಒತ್ತರ (ದ್ರಾವಣದಿಂದ ಬೇರ್ಪಟ್ಟ ಗಷ್ಟು) ಕಂಡರೆ ಪಲ್ಲಾಡಿಯಂ ಇನ್ನೂ ಇದೆಯೆಂದರ್ಥ. ಗೊಂದಲ ಹುಟ್ಟಿಸುವ ನಿಕ್ಕಲ್ ಅಮೋನಿಯಾ ಇರುವಲ್ಲಿ ಮಾತ್ರ ಕೆಂಪು ಒತ್ತರ ಕೊಡುತ್ತದೆ. ಸೋಸಿದ ಕಾಗದ, ನೆಲ ಒರೆಸಿದ ಬಟ್ಟೆಗಳನ್ನೂ ನಾವು ಬೇರೆ ಡ್ರಮ್ಮಿನಲ್ಲಿ ಕೂಡಿಟ್ಟು, ಮುಂದಿನ ಬ್ಯಾಚ್ ಸುಡುವಾಗ ಅದರೊಂದಿಗೇ ಸೇರಿಸುತ್ತೇವೆ.