ಕಾಫಿ ಹೂ ಬಿಟ್ಟಾಗ ಬಂದ ಪಾಠ

2025 ಮಾರ್ಚ್ 4, ಮಂಗಳವಾರ
ಸುಂಟಿಕೊಪ್ಪ

ಇವತ್ತು ಎಂಟನೇ ಕ್ಲಾಸಿಗೆ ಪರಾಗಸ್ಪರ್ಶದ ಪಾಠ ಮಾಡಿದೆ. ಬಿ.ಎಡ್. ಸೇರಿದ ಮೇಲೆ ನನ್ನ ಮನಸ್ಸಿಗೆ ಒಪ್ಪಿದ ಪಾಠ ಇದು. ಅದರಲ್ಲಿ ಅರ್ಧ ಪಾಲು ಇವರದ್ದು, ನನ್ನ ಗಂಡನದ್ದು.

ಇವರು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ, ಕೆಲಸದ ಉಸ್ತುವಾರಿ ನೋಡುವವರು. ಫೆಬ್ರವರಿ, ಮಾರ್ಚ್ ಬಂತಂದರೆ ಹಗಲು ರಾತ್ರಿ ಎರಡೂ ಒಂದೇ. ಒಂದು ಕಡೆ ಕೊನೆ ಕೊಯ್ಲಿನ ರೊಬಸ್ಟಾ ಕಾಫಿ ಕಣದಲ್ಲಿ ಒಣಗುತ್ತಿರುತ್ತದೆ. ದಿನಕ್ಕೆ ನಾಲ್ಕಾರು ಸಲ ಕೆದಕಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲ್ ಹೊದಿಸಬೇಕು. ಇನ್ನೊಂದು ಕಡೆ ಗಿಡ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ನೀರು. ಕರೆಂಟು ರಾತ್ರಿ ಬಂದರೆ ರಾತ್ರಿಯೇ ಎದ್ದು ಹೋಗಿ ಪೈಪ್ ಬದಲಿಸಬೇಕು. ಈ ವರ್ಷ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ, ಹಾಗಾಗಿ ಕಣದಲ್ಲಿ ಕಾವಲೂ ಇರಬೇಕು. ನನಗೆ ಸರಿಯಾಗಿ ಇದೇ ಹೊತ್ತಿಗೆ ಬೋಧನಾಭ್ಯಾಸ, ಪಾಠ ಯೋಜನೆ, ಇಂಟರ್ನಲ್ಸ್. ಹೊಸದಾಗಿ ಮದುವೆಯಾದವರು ಅಂತ ಅಕ್ಕಪಕ್ಕದವರು ಅನ್ನುತ್ತಾರೆ. ನಾವಿಬ್ಬರೂ ಎದುರು ಬದುರು ಕೂತು ಮಾತಾಡುವುದು ರಾತ್ರಿ ಊಟದ ಹೊತ್ತಿಗೆ ಮಾತ್ರ.

ಬೆಳಿಗ್ಗೆ ರೊಟ್ಟಿ ನನ್ನದು, ಚಟ್ನಿ ಇವರದ್ದು. ರಾತ್ರಿ ಉಳಿದ ಅನ್ನಕ್ಕೆ ಅಕ್ಕಿ ಹಿಟ್ಟು ಹಾಕಿ ನಾದಿದರೆ ರೊಟ್ಟಿ ಮೆತ್ತಗಿರುತ್ತದೆ, ಮಧ್ಯಾಹ್ನದ ಡಬ್ಬಿಗೂ ಆಗುತ್ತದೆ. ತೋಟದಿಂದ ಸುಂಟಿಕೊಪ್ಪದವರೆಗೆ ಇವರ ಬೈಕು. ಆನೆ ಇಳಿದಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿದ್ದರೆ ಬೆಳಕು ಹರಿಯುವವರೆಗೆ ಕಾಯಲೇಬೇಕು. ಅಲ್ಲಿಂದ ಮಡಿಕೇರಿಗೆ ಸುಮಾರು 15 ಕಿಲೋಮೀಟರ್, ಸರ್ಕಾರಿ ಬಸ್ಸು. ಕೊಡಗಿನಲ್ಲಿ ಒಳದಾರಿಗಳಿಗೆಲ್ಲ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಶಕ್ತಿ ಯೋಜನೆ ನಡೆಯಲ್ಲ. ನಾವು ಮೈಸೂರು ರಸ್ತೆಯಲ್ಲಿರುವುದು ಪುಣ್ಯ. 2023ರ ಜೂನ್‌ನಲ್ಲಿ ಶುರುವಾದ ಆ ಫ್ರೀ ಟಿಕೆಟ್‌ನಿಂದ ಉಳಿಯುವ ದುಡ್ಡಲ್ಲೇ ನನ್ನ ಚಾರ್ಟು, ಜೆರಾಕ್ಸು, ರೆಕಾರ್ಡ್ ಪುಸ್ತಕ ಎಲ್ಲಾ ಆಗುತ್ತಿದೆ. ಅದು ದಂಡದ ಖರ್ಚು ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬೆಳಗಿನ ಬಸ್ಸಿನಲ್ಲಿ ನನ್ನ ಹಾಗೆ ಓದಲು ಹೋಗುವವರು, ಅಂಗಡಿ, ಹೋಂಸ್ಟೇ ಕೆಲಸಕ್ಕೆ ಹೋಗುವವರು ಎಷ್ಟು ಜನ ಇರುತ್ತಾರೆ!

ಪಾಠದ ವಿಷಯಕ್ಕೆ ಬರ್ತೀನಿ. ನಿನ್ನೆ ರಾತ್ರಿ ಪಾಠ ಯೋಜನೆ ಬರೆಯುತ್ತಾ ಕೂತಿದ್ದೆ. ತೊಡಗಿಸಿಕೊಳ್ಳುವಿಕೆ ಅನ್ನುವ ಮೊದಲ ಹಂತಕ್ಕೆ ಏನು ಮಾಡಲಿ ಅಂತ ಹೊಳೆಯಲಿಲ್ಲ. ದಾಸವಾಳದ ಚಿತ್ರ ತೋರಿಸೋದು ಎಲ್ಲರೂ ಮಾಡುವುದೇ. ಇವರು ಕೈ ತೊಳೆದು ಬಂದು, "ಯಾವ ಪಾಠ?" ಅಂದರು. ಹೇಳಿದೆ.

"ಕಾಫಿ ಹೂವೇ ತಗೊಂಡು ಹೋಗು. ಅರೇಬಿಕಾಗೆ ತನ್ನ ಪರಾಗವೇ ಸಾಕು, ಕಾಯಿ ಕಟ್ಟುತ್ತೆ. ರೊಬಸ್ಟಾಗೆ ಹಾಗಲ್ಲ, ಬೇರೆ ಗಿಡದ್ದು ಬರಲೇಬೇಕು. ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಅದಕ್ಕೇ ಹೂ ಅರಳಿದ ದಿನ ನಾವು ಔಷಧಿ ಹೊಡೆಯಲ್ಲ."

ಸ್ವಕೀಯ, ಪರಕೀಯ ಪರಾಗಸ್ಪರ್ಶ ಅಂತ ನಾನು ಎರಡು ಪುಟ ಬರೆದದ್ದನ್ನು ಇವರು ನಿಂತಲ್ಲೇ ಹೇಳಿ ಮುಗಿಸಿದರು. ಪಿಯುಸಿಗೇ ಓದು ಬಿಟ್ಟವರು. ನನಗೆ ಆಗ ಎಷ್ಟು ಹೆಮ್ಮೆಯಾಯಿತು!

ನೀರು ಹಾರಿಸಿದ ಬ್ಲಾಕಿನಲ್ಲಿ ಹೂ ಅರಳಿತ್ತು. ಬೆಳಿಗ್ಗೆ ಬೈಕು ನಿಲ್ಲಿಸಿ ಎರಡು ರೆಂಬೆ ಮುರಿದು, ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ಬಸ್ಸೆಲ್ಲಾ ಮಲ್ಲಿಗೆಯಂಥ ಪರಿಮಳ. ಕ್ಲಾಸಿನಲ್ಲಿ ಮಕ್ಕಳ ಕೈಗೆ ಒಂದೊಂದೇ ಹೂ ಕೊಟ್ಟು, ಭೂತಗನ್ನಡಿ ಹಿಡಿಸಿದೆ. ಬಿಳಿ ಎಸಳುಗಳ ನಡುನಡುವೆ ಸಣ್ಣ ಕೇಸರಗಳು, ಮಧ್ಯದಲ್ಲಿ ತುದಿ ಎರಡಾಗಿ ಸೀಳಿದ, ಪರಾಗ ಹಿಡಿಯುವ ಶಲಾಕಾಗ್ರ. ಒಬ್ಬಳು, "ಮಿಸ್, ಇದು ಹಾವಿನ ನಾಲಗೆ ಥರ ಇದೆ" ಅಂದಳು. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹುಡುಗ, ಇಡೀ ವಾರ ಬಾಯಿಬಿಡದವನು, ಎದ್ದು ನಿಂತು ಹೇಳಿದ: "ಹೂ ಆದ್ಮೇಲೆ ಇನ್ನೊಂದು ಮಳೆ ಬರ್ಬೇಕು ಮಿಸ್, ಇಲ್ಲಾಂದ್ರೆ ಕಾಯಿ ನಿಲ್ಲಲ್ಲ. ಅಮ್ಮ ಹೇಳಿದ್ದು." ನಿಜ, ಹೂ ಅರಳಿಸುವ ಮೊದಲ ಮಳೆ, ಅಂದರೆ ಹೂ ಮಳೆ ಆದ ಮೇಲೆ ಎರಡು ಮೂರು ವಾರದೊಳಗೆ ಹಿಂಬಾಲಿಸಿ ಒಂದು ಮಳೆ ಬೇಕೇ ಬೇಕು. ಅವನು ಹೇಳಿದ್ದನ್ನು ಅವನಿಂದಲೇ ಬೋರ್ಡಿನ ಮೇಲೆ ಬರೆಸಿದೆ. ಅವನ ಅಕ್ಷರ ದುಂಡಗಿದೆ.

ಹಿಂದೆ ಕೂತಿದ್ದ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯದನ್ನೇ ಬರೆದಿದ್ದಾರೆ. ಸಮಯ ಮೀರಿತು ಅಂತಲೂ ಬರೆದಿದ್ದಾರೆ. ಮೀರಿದ್ದು ಹೌದು, ಆದರೆ ಆ ಹುಡುಗನನ್ನು ಮಧ್ಯದಲ್ಲಿ ಕೂರಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಇವರಿಗೆ ಹೇಳಿದೆ. ಆ ಹುಡುಗನ ಅಮ್ಮ ಯಾವ ತೋಟದವರು ಅಂತ ಎರಡು ಸಲ ಕೇಳಿದರು. ನಾಳಿದ್ದು ಬೀಜ ಪ್ರಸಾರದ ಪಾಠ. ಹೊಳೆ ಬದಿಯ ಬೂರುಗದ ಮರದಲ್ಲಿ ಕಾಯಿ ಒಡೆದಿದ್ದರೆ ಅದರ ಹತ್ತಿಯನ್ನು ತಂದುಕೊಡ್ತೀನಿ ಅಂದಿದ್ದಾರೆ.