ಅಳದ ಮಗು

17 ಜುಲೈ 2025, ಗುರುವಾರ
ಮುಲುಂಡ್

ಆಫೀಸಿಗೆ ಹೋಗುವಾಗ ಮಗನನ್ನು ಬಿಡೋ ಪಾಳಣಾಘರದ ಮಾವಶಿ ಇವತ್ತು ಅವನನ್ನು ಕೈಗೆ ಕೊಡುತ್ತಾ "ಭಾರಿ ಶಹಾಣಾ, ದಿನವಿಡೀ ಅಳೋದೇ ಇಲ್ಲ" ಅಂದರು. ಹೊಗಳಿಕೆಯೇ. ಆದರೂ ನನಗೆ ಚುರುಕ್ ಅಂತು.

ಮನೇಲಿ ಇವನು ಸುಮ್ಮನಿರೋ ಪೈಕಿ ಅಲ್ಲ. ಫ್ಯಾನ್ ನೋಡಿ ಕೂಗುತ್ತಾನೆ, ಕುಕ್ಕರ್ ಸೀಟಿ ಹೊಡೆದರೆ ಕೂಗುತ್ತಾನೆ. "ಏನೋ ರಾಜಾ?" ಅಂದರೆ ಇನ್ನೂ ಜೋರು. ಹೋದ ತಿಂಗಳು ಜ್ವರ ಬಂದಾಗ ನನಗೆ ಮೊದಲು ಗೊತ್ತಾಗಿದ್ದೇ ಇವನ ಕೂಗು ನಿಂತಿದ್ದರಿಂದ. ಥರ್ಮಾಮೀಟರ್ ಆಮೇಲೆ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಅಳದ ಕೂಸು ಸಿಗೋದು ಪುಣ್ಯ ಮಾಡಿದವ್ರಿಗೆ. ನೀ ಅಂತೂ ಓಣಿ ಮಂದೀನೆಲ್ಲಾ ಎಬ್ಬಸ್ತಿದ್ದಿ."

"ಆವಾಗ ಯಾರು ಎತ್ಕೋತಿದ್ರು?"

"ಯಾರು ಅಂದ್ರ? ಕೈ ಖಾಲಿ ಇದ್ದವ್ರು. ಆಯಿ, ಕಾಕಾ, ಬಾಜೂ ಮನಿಯಾಕಿ."

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದ್ದ. ಮಗು ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಒಮ್ಮೆಲೇ ಮುಖ ಕಲ್ಲು ಮಾಡಿಕೊಂಡು ಕೂರಬೇಕು, ಕೆಲವೇ ನಿಮಿಷ. ಮಗು ನಗುತ್ತೆ, ಕೈ ಚಾಚುತ್ತೆ, ಕಿರುಚುತ್ತೆ. ಏನು ಮಾಡಿದರೂ ಉತ್ತರ ಇಲ್ಲ ಅಂದಾಗ ಮುಖ ಆ ಕಡೆ ತಿರುಗಿಸಿಬಿಡುತ್ತೆ. ಇವತ್ತು ಸಂಜೆಯಿಂದ ಆ ತಿರುಗಿದ ಮುಖವೇ ತಲೇಲಿ ಕೂತಿದೆ. ತಾಯಿ-ಮಗುವಿನ ತಾಳ ತಪ್ಪೋದು ಮಾಮೂಲಿ, ಮತ್ತೆ ಕೂಡಿಕೊಂಡರೆ ಆಯ್ತು ಅಂತಲೂ ಅವನೇ ಹೇಳಿದ್ದಾನೆ. ಅದೇ ಸ್ವಲ್ಪ ಸಮಾಧಾನ.

ಮಾವಶಿಯನ್ನು ಬೈಯೋಕೆ ಮನಸ್ಸಿಲ್ಲ. ಏಳು ಮಕ್ಕಳು, ಎರಡು ಕೈ. ಎಲ್ಲರ ಡೈಪರ್ ಒಣಗಿರುತ್ತೆ, ಹೊಟ್ಟೆ ತುಂಬಿರುತ್ತೆ. ಆದರೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವ ಬ್ಯಾಂಕ್ ಸೇರಿ ಎಳೆ ಮಕ್ಕಳಿಗೆ ಏನೇನು ಬೇಕು ಅಂತ ಬರೆದಾಗ ಆರೋಗ್ಯ, ಆಹಾರ, ಸುರಕ್ಷತೆ, ಕಲಿಕೆಯ ಸಾಲಿನಲ್ಲೇ ಇದನ್ನೂ ಇಟ್ಟರು: ಮಗು ಕರೆದಾಗ ಯಾರಾದರೂ ಓಗೊಡಬೇಕು. ಏಳು ಮಕ್ಕಳಿಗೂ ಓಗೊಡೋದು ಹೇಗೆ?

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ 50 ಅಥವಾ ಜಾಸ್ತಿ ಜನ ಕೆಲಸ ಮಾಡೋ ಕಡೆ ಮಕ್ಕಳನ್ನು ನೋಡಿಕೊಳ್ಳೋ ವ್ಯವಸ್ಥೆ ಇರಲೇಬೇಕು ಅಂತ ಮಾಡಿದರು. ನಮ್ಮ ಆಫೀಸಲ್ಲಿ ಮೂವತ್ತೂ ಇಲ್ಲ. ಹೋಗಲಿ ಬಿಡಿ.

ಒಂದು ವೇಳೆ ಅವನು ಅಲ್ಲಿ ಸುಮ್ನೆ ಬೇರೆ ಮಕ್ಕಳನ್ನು ನೋಡುತ್ತಾ ಖುಷಿಯಾಗೇ ಇದ್ದರೆ? ಅದೂ ಇರಬಹುದು ಅಲ್ವಾ. ನಾಳೆ ಅರ್ಧ ಗಂಟೆ ಮುಂಚೆ ಹೊರಟು, ಅಲ್ಲೇ ಮೂಲೇಲಿ ಕೂತು ನೋಡಬೇಕು. ಮಾವಶಿಗೆ ಅನುಮಾನ ಬರದ ಹಾಗೆ. ಬಾಸ್‌ಗೆ ಏನು ಹೇಳೋದು ಅಂತ ಮಾತ್ರ...